ಬೆಳಕನ್ನು ಕೂಡಿಡುವ ಬಗೆ

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನಮ್ಮ ಸೀಮೆಯ ವಿದ್ಯುತ್ತಿನ ಇತಿಹಾಸವನ್ನು ನೆನೆಯಬಯಸುತ್ತೇನೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1960ರ ದಶಕದಲ್ಲಿ ಶರಾವತಿ ಯೋಜನೆ ಬಂತು. ಲಿಂಗನಮಕ್ಕಿಯಲ್ಲಿ ನಿಂತ ನೀರೇ ನಾಡಿನ ವಿದ್ಯುತ್ತಿನ ಕಣಜವಾಯಿತು. ಮಳೆ ಕೈಕೊಟ್ಟರೆ ಮಾತ್ರ ಕಣಜ ಬರಿದು, ಊರೂರಿಗೆ ಲೋಡ್ ಶೆಡ್ಡಿಂಗ್. ತ್ರೀಫೇಸ್ ಕರೆಂಟಿಗೆ ಕಾದು, ನಡುರಾತ್ರಿ ಬ್ಯಾಟರಿ ಹಿಡಿದು ತೋಟಕ್ಕೆ ಮೋಟಾರು ಹಾಕಲು ಹೋಗುತ್ತಿದ್ದ ಗುಬ್ಬಿ, ಕುಣಿಗಲ್ ಕಡೆಯ ರೈತರನ್ನು ನಾನು ಕಂಡಿದ್ದೇನೆ. ಹಾವು ಚೇಳಿನ ಭಯ ಅವರಿಗೆ ನಿತ್ಯದ್ದು.

2018ರಲ್ಲಿ ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸೌರ ಪಾರ್ಕ್ ಉದ್ಘಾಟನೆಯಾಯಿತು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಬರದ ನಾಡಿನ ಬಿಸಿಲೇ ಬೆಳೆಯಾಯಿತು. ಆದರೆ ಮಕ್ಕಳು ಓದಲು ಕೂರುವ ಹೊತ್ತಿಗೆ ಸೂರ್ಯ ಇರುವುದಿಲ್ಲ.

ಹಗಲಿನ ವಿದ್ಯುತ್ತನ್ನು ಇರುಳಿಗೆ ಉಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ: ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಡುವುದು, ಇಲ್ಲವೆ ಭಾರಿ ಬ್ಯಾಟರಿಗಳಲ್ಲಿ ತುಂಬಿಡುವುದು. ಮನೆಯ ಯುಪಿಎಸ್ ಮಾಡುವ ಕೆಲಸವನ್ನೇ ಇವು ಇಡೀ ಊರಿಗೆ ಮಾಡುತ್ತವೆ. ದಕ್ಷಿಣ ಆಸ್ಟ್ರೇಲಿಯದಲ್ಲಿ 2017ರಲ್ಲೇ 100 ಮೆಗಾವ್ಯಾಟ್‌ನ ಇಂಥ ಬ್ಯಾಟರಿ ಸ್ಥಾಪನೆಯಾಯಿತು. ವೆಚ್ಚ ಹೆಚ್ಚು ನಿಜ. ಆದರೂ ಹಗಲಿನ ಬಿಸಿಲು ವ್ಯರ್ಥವಾಗದು.

ಕುಣಿಗಲ್ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆಗಳನ್ನು ಕಟ್ಟಿದ ಹಿರಿಯರು ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿದರು. ಬಿಸಿಲಿಗೂ ಅಂಥ ಕೆರೆ ಕಟ್ಟುವ ಕೆಲಸ ಈ ಶಾಲೆಯ ಮಕ್ಕಳಿಗೆ ಕಾದಿದೆ.