ಬೇನೆ, ಬರ, ನೆರೆ: ನಮ್ಮ ನಾಡಿನ ಮನೆಗಳ ಸಿದ್ಧತೆ

ಬೈಲಹೊಂಗಲ, ಕಿತ್ತೂರು ಎಂದೊಡನೆ ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ನೆನಪಾಗುವುದು ಸಹಜ. ಸವದತ್ತಿಯೆಂದರೆ ಯಲ್ಲಮ್ಮನ ಗುಡ್ಡ. ರಾಮದುರ್ಗವೆಂದರೆ ಹಳೆಯ ಸಂಸ್ಥಾನ ಮತ್ತು ನೇಕಾರಿಕೆ. ಆದರೆ ಈ ಸೀಮೆಯ ಮನೆಮನೆಯೂ ಎದುರಿಸಿದ ಇನ್ನೊಂದು ಬಗೆಯ ಶತ್ರುವಿನ ಚರಿತ್ರೆಯನ್ನು ಬರೆದವರು ವಿರಳ. ನಮ್ಮ ಮುದುಕಿಯರು ವರ್ಷಗಳನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ. ಪ್ಲೇಗಿನ ವರ್ಷ ಹುಟ್ಟಿದವನು, ಬರದಲ್ಲಿ ಮದುವೆಯಾದವಳು ಎನ್ನುತ್ತಿದ್ದರು. ದೇವಾಲಯವನ್ನು ಕಟ್ಟಿದವರನ್ನು ನೆನೆಯುವ ಈ ಸಂಚಿಕೆಯಲ್ಲಿ ಅಂಥ ವರ್ಷಗಳನ್ನು ದಾಟಿ ಬಂದವರ ಸಿದ್ಧತೆಯನ್ನೂ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲು ಬರ. 1876–78ರ ಮಹಾಕ್ಷಾಮ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. ಅದಕ್ಕೆ ರೈತರು ಬಲ್ಲ ಸಿದ್ಧತೆಯೆಂದರೆ ಹಗೇವು. ನೆಲವನ್ನು ಆಳವಾಗಿ ಅಗೆದು, ಒಳಗೆಲ್ಲ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ಕೂಡಲೇ ಒಳಗಿಳಿಯುವಂತಿಲ್ಲ. ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ದೀಪವನ್ನು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆದರೆ ಹಗೇವು ಹೊಲವುಳ್ಳವನ ಸೊತ್ತು. ಕೂಲಿಯವನಿಗೆ ಅವನ ಎರಡು ಕೈಗಳೇ ಹಗೇವು. ಹಸಿವು ಮೊದಲು ಕೊಂದದ್ದು ಅವನನ್ನೇ.

ಆ ಬರದ ಅಂಜಿಕೆಯಿಂದಲೇ ಮುಂದೆ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಕಾಳು ಸಾಗಿಸಲೆಂದು ಬಂದ ಆ ರೈಲೇ ಮಹಾಮಾರಿಯನ್ನೂ ಹೊತ್ತು ತಂದಿತೆಂಬುದು ವಿಧಿಯ ವಿಡಂಬನೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ಹಾವಳಿಯೆಬ್ಬಿಸಿತು. ಆಗ ಬೈಲಹೊಂಗಲ, ಕಿತ್ತೂರು ಸಂಪಗಾವಿ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿನ ಮುಖ್ಯಸ್ಥಳ. ರಾಮದುರ್ಗ ಬೇರೆಯೇ ಸಂಸ್ಥಾನ. ಬೇನೆಗೆ ಈ ಗಡಿಗಳ ಪರಿವೆಯಿರಲಿಲ್ಲ.

ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹೊರಡಿಸಿತು. ಅದರ ಬಲದಿಂದ ಮನೆಯೊಳಗೆ ನುಗ್ಗಿ ಶೋಧಿಸುವ ಕ್ರಮವನ್ನು ಜನ ಎಷ್ಟು ದ್ವೇಷಿಸಿದರೆಂಬುದಕ್ಕೆ ಅದೇ ವರ್ಷ ಪುಣೆಯಲ್ಲಿ ನಡೆದ ರಾಂಡ್ ಸಾಹೇಬನ ಕೊಲೆಯೇ ಸಾಕ್ಷಿ. ಭಯಪಟ್ಟ ಮನೆ ರೋಗಿಯನ್ನು ಬಚ್ಚಿಡುತ್ತದೆ; ಬಚ್ಚಿಟ್ಟ ಬೇನೆ ಹಬ್ಬುತ್ತದೆ. ಹುಬ್ಬಳ್ಳಿಯಲ್ಲಿ ನಡೆದದ್ದು ಬೇರೆ ಕಥೆ. 1897ರ ಜನವರಿಯಲ್ಲಿ ತನ್ನ ಮೈಮೇಲೆಯೇ ಪ್ರಯೋಗಿಸಿ ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು 1898ರಲ್ಲಿ ಅಲ್ಲಿಯ 30,000ಕ್ಕೂ ಮಿಕ್ಕ ಜನ ಚುಚ್ಚಿಸಿಕೊಂಡರು. ಇಂದಿಗೂ ಅದು ನಮಗೆ ಸೋಜಿಗವೆನಿಸುತ್ತದೆ.

ಹಳ್ಳಿಗಳ ಉಪಾಯ ಇನ್ನೂ ಸರಳ. ಅಟ್ಟದಿಂದ ಇಲಿ ಸತ್ತು ಬಿತ್ತೆಂದರೆ ಮನೆ ಬಿಡಬೇಕು. ಹೊಲದಲ್ಲಿ ಜೋಪಡಿ ಹಾಕಿ, ಒಲೆ ಹೂಡಿ, ಬೇನೆ ಇಳಿಯುವತನಕ ಊರೊಳಗೆ ಕಾಲಿಡಬಾರದು. ಇಲಿಯ ಚಿಗಟದಿಂದ ಪ್ಲೇಗು ತಗಲುವುದೆಂದು ಸಿಮಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ತೋರಿಸಿದರೂ ವಿದ್ವಾಂಸರು ಒಪ್ಪಲು ಹಲವು ವರ್ಷ ಹಿಡಿಯಿತು. ಕಾರಣವನ್ನರಿಯದ ಹಳ್ಳಿಗರು ಕುರುಹನ್ನು ಅರಿತಿದ್ದರು. ಪ್ಲೇಗಿಗೆ ಸಂತ ಸೆಬಾಸ್ತಿಯನರ, ಸಂತ ರೋಕರ ಮೊರೆಹೊಗುವುದು ಕಥೋಲಿಕರ ಪುರಾತನ ರೂಢಿ. ಮೊರೆಯಿಡುವುದಕ್ಕೂ ಮನೆ ಬಿಡುವುದಕ್ಕೂ ವಿರೋಧವೇನಿಲ್ಲ.

1918ರ ಇನ್‌ಫ್ಲುಯೆಂಜಾಕ್ಕೆ ಮಾತ್ರ ಈ ಉಪಾಯ ನಡೆಯಲಿಲ್ಲ. ಅದು ಉಸಿರಿನಿಂದ ಹರಡುವ ಬೇನೆ. ಹರೆಯದವರನ್ನೇ ಹೆಚ್ಚಾಗಿ ಒಯ್ದಿತು. ಮನೆಮಂದಿಯೆಲ್ಲ ಒಂದೇ ಸಲ ಹಾಸಿಗೆ ಹಿಡಿದಾಗ ಒಂದು ಬಟ್ಟಲು ಗಂಜಿ ಕೊಡುವವರಿಲ್ಲದೆ ಸತ್ತವರೂ ಉಂಟು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ಕ್ಕಿಂತ ಕಡಿಮೆಯಾಗಿತ್ತು. 2020ರಲ್ಲಿ ಕೊರೊನಾ ಬಂದಾಗ, ಬಾಗಿಲು ಮುಚ್ಚಿದ ಮನೆಯ ಹೊಸ್ತಿಲಿಗೆ ಅನ್ನ ಔಷಧಿಗಳನ್ನು ಇಟ್ಟುಹೋಗುವ ಒಬ್ಬ ನೆರೆಯವರು ಎಷ್ಟು ಅವಶ್ಯವೆಂಬುದನ್ನು ನಾವೂ ಹೊಸದಾಗಿ ಕಲಿಯಬೇಕಾಯಿತು.

ಇನ್ನು ಹೊಳೆ. ಕಣಕುಂಬಿಯಲ್ಲಿ ಹುಟ್ಟಿ ಮುಗುಟಖಾನ ಹುಬ್ಬಳ್ಳಿ, ಸಂಗೊಳ್ಳಿಗಳನ್ನು ಹಾದು ಬರುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟಾದ ಮೇಲೆ, ಅವಳು ಪಳಗಿದಳೆಂದು ಕೆಳಗಿನವರು ನಂಬಿದರು. 2019ರ ಆಗಸ್ಟಿನಲ್ಲಿ ರೇಣುಕಾಸಾಗರ ತುಂಬಿ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ಹೊಳೆ ನುಗ್ಗಿತು. ನೇಕಾರರ ಮಗ್ಗ, ನೂಲುಗಳು ಕೆಸರಾದವು. ಜೋಪಡಿಯ ಕಾಲದವರಂತೆ ಕುರುಹು ಕಂಡೊಡನೆ ಹೊರಡುವವರು ಈಗ ಕಡಿಮೆ. ಬಿಟ್ಟುಹೋಗಲು ವಸ್ತುಗಳು ಹೆಚ್ಚಾಗಿವೆ. ಮನಸ್ಸು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪಡಿತರ ಚೀಟಿ, ಹೊಲದ ಕಾಗದ, ದಿನನಿತ್ಯದ ಗುಳಿಗೆಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೊದಲೇ ಕಟ್ಟಿಟ್ಟ ಮನೆ ಬೇಗ ಹೊರಡುತ್ತದೆ. ಹೊರಡುವಾಗ ದನಗಳ ಕಣ್ಣಿ ಬಿಚ್ಚುವುದನ್ನು ಮರೆಯಬಾರದು. ನೀರು ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕದೆ, ನೀರು ಕಾಯಿಸದೆ ಕುಡಿದರೆ ವಾಂತಿಭೇದಿ ಕಾದಿರುತ್ತದೆ. ಗಾಯದ ಕಾಲಿನಿಂದ ಕೆಸರು ತುಳಿದವರಿಗೆ ಇಲಿಜ್ವರದ ಭಯ. ಇಲ್ಲಿಯೂ ಇಲಿಯೇ!

ಹಗೇವುಗಳ ಮೇಲೆ ಈಗ ಗಚ್ಚಿನ ನೆಲ ಬಂದಿದೆ. 2019ರ ನೀರು ಗೋಡೆಗಳ ಮೇಲೆ ಬಿಟ್ಟ ಗೆರೆಯನ್ನೂ ಪ್ರತಿ ಹಬ್ಬದ ಸುಣ್ಣ ಅಳಿಸುತ್ತಿದೆ. ಹೊಳೆಸಾಲಿನ ಮನೆಗಳವರು ಆ ಎತ್ತರವನ್ನು ಗೋಡೆಯ ಮೇಲೆ ಕೊರೆದು, ಇಸವಿಯನ್ನು ಬರೆದಿಡಬೇಕೆಂದು ನಾವು ಬಿನ್ನವಿಸುತ್ತೇವೆ.