ಆವೇಶವೂ ಸಂಮೋಹನವೂ: ಚಾರ್ಮಾಡಿ ಘಟ್ಟದ ನೆರೆಯ ಸಿರಿ ಸಂಪ್ರದಾಯವನ್ನು ಕುರಿತ ಒಂದು ವಿಚಾರ

ಬಣಕಲ್ ಎಂಬುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು. ಅಲ್ಲಿಂದ ಮುಂದಕ್ಕೆ ಹೋಗುವ ದಾರಿಯು ಕೊಟ್ಟಿಗೆಹಾರದಲ್ಲಿ ಕವಲೊಡೆದು, ಒಂದು ಕಳಸ ಹೊರನಾಡುಗಳ ಕಡೆಗೂ ಮತ್ತೊಂದು ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆಗೂ ಸಾಗುವುದು. ಕಾಫಿಯ ತೋಟಗಳ ಕೆಲಸಕ್ಕಾಗಿ ಕೆಳನಾಡಿನ ಜನರು ಈ ಘಟ್ಟವನ್ನು ಹತ್ತಿ ಬಂದಂತೆ ಅವರ ದೈವಗಳೂ ಹತ್ತಿ ಬಂದುವು. ಪಂಜುರ್ಲಿಯ ಹೆಸರು ಘಟ್ಟದ ಮೇಲೆಯೂ ಕೆಳಗೂ ಕೇಳಿಬರುವುದು ಇದಕ್ಕೆ ಸಾಕ್ಷಿ. ಮೇಲಿನವರು 'ಮೈಮೇಲೆ ಬರುವುದು', 'ಮೈದುಂಬುವುದು' ಎನ್ನುವ ಸ್ಥಿತಿಯನ್ನು ಕೆಳಗಿನವರು 'ದರ್ಶನ' ಎನ್ನುತ್ತಾರೆ.

ಎಂದೂ ದನಿಯೆತ್ತದವರು ನಡುಗುತ್ತ ಎದ್ದು ಬೇರೊಬ್ಬರ ಹೆಸರಿನಲ್ಲಿ ಮಾತನಾಡುವ ಈ ಸ್ಥಿತಿ ಎಂತಹುದು? ಭಕ್ತನು ಇದನ್ನು ದೈವವೆಂದೂ, ಸಂಶಯಿಯು ನಟನೆಯೆಂದೂ, ವೈದ್ಯನು ರೋಗವೆಂದೂ ಹೇಳುವುದು ವಾಡಿಕೆ. ಘಟ್ಟದ ಬುಡದ ನಾಡಿನಲ್ಲಿ ನಡೆಯುವ ಸಿರಿ ಜಾತ್ರೆಯನ್ನು ಪರಿಶೀಲಿಸಿದರೆ ಈ ಮೂರು ಉತ್ತರಗಳೂ ಅಪೂರ್ಣವೆಂಬುದು ತಿಳಿಯುವುದು.

ಸಿರಿಯು ತುಳು ಪಾಡ್ದನದ ನಾಯಕಿ. ಸತ್ಯನಾಪುರದ ಬೆರ್ಮ ಆಳ್ವನ ಮೊಮ್ಮಗಳಾಗಿ ಬೆಳೆದ ಈಕೆಯನ್ನು ಕಾಂತು ಪೂಂಜನು ಮದುವೆಯಾಗುವನು. ಗಂಡನು ಪರಸ್ತ್ರೀಯ ಸಂಗದಲ್ಲಿದ್ದು ಈಕೆಯನ್ನು ಅವಮಾನಿಸುವನು; ಅಜ್ಜನ ಮರಣದ ಬಳಿಕ ಅರಮನೆಯ ಹಕ್ಕೂ ಕೈತಪ್ಪುವುದು. ಆಗ ಸಿರಿಯು ತಾನಾಗಿ ಗಂಡನನ್ನು ಬಿಟ್ಟು, ಎಳೆಯ ಮಗ ಕುಮಾರನೊಡನೆ ಮನೆಯನ್ನು ತೊರೆದು ಹೊರಡುವಳು. ಆಕೆಯ ಮಗಳು ಸೊನ್ನೆ. ಸೊನ್ನೆಯ ಅವಳಿಮಕ್ಕಳು ಅಬ್ಬಗ ದಾರಗರು. ಚೆನ್ನೆಮಣೆಯ ಆಟದಲ್ಲಿ ಹುಟ್ಟಿದ ಜಗಳದಿಂದ ಈ ಅಕ್ಕತಂಗಿಯರಿಬ್ಬರೂ ಅಳಿಯುವರು. ಮೂರು ತಲೆಮಾರಿನ ಹೆಂಗಸರ ಅಳಲೇ ಈ ಕಥೆಯ ತಿರುಳು.

ಕವತ್ತಾರು, ನಂದಳಿಕೆ, ಹಿರಿಯಡಕ ಮೊದಲಾದ ಕ್ಷೇತ್ರಗಳಲ್ಲಿ ಹುಣ್ಣಿಮೆಯ ರಾತ್ರಿ ಸಿರಿ ಜಾತ್ರೆ ನೆರೆಯುವುದು. ಹೆಂಗಸರು ಬಿಳಿಯ ಸೀರೆಯುಟ್ಟು, ಕೈಯಲ್ಲಿ ಅಡಕೆಯ ಹಿಂಗಾರವನ್ನು ಹಿಡಿದು, 'ದಲ್ಯ' ಎಂಬ ತಂಡಗಳಾಗಿ ನಿಲ್ಲುವರು. ಒಂದೊಂದು ತಂಡಕ್ಕೂ ಕುಮಾರನ ಆವೇಶವುಳ್ಳ ಪುರುಷನೊಬ್ಬನು ಮುಂದಾಳು. ಪಾಡ್ದನವು ಸಾಗುತ್ತಿರಲು ಆವೇಶವು ಒಬ್ಬರಿಂದೊಬ್ಬರಿಗೆ ಹಬ್ಬುವುದು. ಹೊಸದಾಗಿ ಬಂದ ಹೆಂಗಸು ಮಾತಿಲ್ಲದೆ ನಡುಗುವಳು, ಇಲ್ಲವೆ ಅಳುವಳು. ಕುಮಾರನು ಆಕೆಯನ್ನು ಮೆಲ್ಲಗೆ ಮಾತಿಗೆಳೆದು, ಮೈಮೇಲೆ ಬಂದವರು ಯಾರು, ಅವರ ಕೊರಗೇನು, ಮನೆಯವರಿಂದ ಬೇಕಾದುದೇನು ಎಂದು ಕೇಳುವನು. ಜೊತೆಗೆ ಬಂದ ಮನೆಯವರು ಅದಕ್ಕೆ ಉತ್ತರ ಕೊಡಬೇಕಾಗುವುದು. ಸೊಸೆಯು ಸೊಸೆಯಾಗಿ ಆಡಲಾರದ ಮಾತನ್ನು ಸಿರಿಯಾಗಿ ಆಡುವಳು. ಮನೆಯ ಹಿರಿಯರು ಅದನ್ನು ಕೈಮುಗಿದು ಕೇಳುವರು.

ಅಮೆರಿಕದ ವಿದ್ವಾಂಸ ಪೀಟರ್ ಕ್ಲಾಸ್ ಅವರು 1979ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬಯಸದೆ ಬಂದೆರಗುವ ಆವೇಶವನ್ನೂ, ವಿಧಿಗೊಳಪಟ್ಟು ಬರುವ ಪಾತ್ರಿಯ ಆವೇಶವನ್ನೂ ತುಳು ಮೌಖಿಕ ಸಂಪ್ರದಾಯದ ನೆಲೆಯಿಂದ ಬೇರ್ಪಡಿಸಿ ವಿವೇಚಿಸಿದರು. ಸಿರಿ ಜಾತ್ರೆಯು ಇವೆರಡರ ನಡುವಣ ಸೇತುವೆ. ಮೊದಲ ವರ್ಷ ಸಂಕಟವಾಗಿ ಬಂದುದು ವರ್ಷಾಂತರದಲ್ಲಿ ಕಲಿತ ನಡೆಯಾಗುವುದು. ನರಳುತ್ತ ಬಂದವಳು ಮುಂದೆ ಹೊಸಬರಿಗೆ ಆಸರೆಯಾಗುವಳು.

ಆವೇಶವು ಕಲಿಕೆಯ ಮೇಲೆ ನಿಂತಿದೆಯೆಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರೇ ನಿದರ್ಶನ. ಉಜಿರೆಗೆ ಸಮೀಪದ ಈ ಊರಿನ ಅವರು ಸಿರಿ ಜಾತ್ರೆಯ ತಂಡದ ಮುಂದಾಳಾಗಿದ್ದರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರೂ, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೂ ಅವರಿಂದ ಸಿರಿ ಕಾವ್ಯವನ್ನು ಹಾಡಿಸಿ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಜಾತ್ರೆಯ ಹುಣ್ಣಿಮೆಯಿಲ್ಲದೆ, ದಲ್ಯವಿಲ್ಲದೆ, ದಾಖಲೆಗಾಗಿಯೇ ಕುಳಿತು ಇಷ್ಟನ್ನು ಹಾಡಬಲ್ಲವರಿಗೆ ಕಥೆಯು ಆವೇಶದಿಂದ ಬಂದುದಲ್ಲ. ಕಥೆಯ ಅರಿವಿನಿಂದಲೇ ಆವೇಶಕ್ಕೆ ರೂಪು ಬಂದುದು. ಆದರೂ ಇದನ್ನು ನಟನೆಯೆನ್ನಲಾಗದು. ಕಲಿತುದೆಲ್ಲವೂ ಕಪಟವಾದರೆ ತಾಯ್ನುಡಿಯೂ ಕಪಟವಾಗಬೇಕಾದೀತು.

ಪಶ್ಚಿಮದ ಸಂಮೋಹನ ಶಾಸ್ತ್ರದ ಇತಿಹಾಸವೂ ಇದೇ ತೊಡಕಿನಿಂದ ಮೊದಲಾಯಿತು. ಪ್ಯಾರಿಸಿನಲ್ಲಿ ಮೆಸ್ಮರನು ಪ್ರಚುರಗೊಳಿಸಿದ 'ಪ್ರಾಣಿಕಾಂತತ್ವ'ವನ್ನು ಪರೀಕ್ಷಿಸಲು 1784ರಲ್ಲಿ ಫ್ರಾನ್ಸಿನ ರಾಜನು ನಿಯಮಿಸಿದ ಮಂಡಲಿಯಲ್ಲಿ ಫ್ರಾಂಕ್ಲಿನ್, ಲವಾಸಿಯೆ ಮೊದಲಾದವರಿದ್ದರು. ತೋಟದ ಒಂದು ಮರಕ್ಕೆ ಶಕ್ತಿ ತುಂಬಿರುವುದೆಂದು ಹೇಳಿ, ಕಣ್ಣು ಕಟ್ಟಿದ ಹುಡುಗನೊಬ್ಬನನ್ನು ಮರದಿಂದ ಮರಕ್ಕೆ ನಡೆಸಿದಾಗ, ಅವನು ಬೇರೊಂದು ಮರದ ಬಳಿಯಲ್ಲಿಯೇ ಮೂರ್ಛೆಹೋದನು. ಕಾಂತಶಕ್ತಿಯಿಲ್ಲ, ಇರುವುದು ಕಲ್ಪನೆ ಎಂದು ಮಂಡಲಿಯು ತೀರ್ಮಾನಿಸಿತು. ಆದರೆ ಹುಡುಗನ ಮೂರ್ಛೆ ಸುಳ್ಳಾಗಿರಲಿಲ್ಲ. 1843ರಲ್ಲಿ ಜೇಮ್ಸ್ ಬ್ರೇಡನು ತನ್ನ ಗ್ರಂಥದಲ್ಲಿ ಇದಕ್ಕೆ ನಿದ್ರಾಸೂಚಕವಾದ 'ಹಿಪ್ನಾಟಿಸಂ' ಎಂಬ ಹೆಸರನ್ನು ನೆಲೆಗೊಳಿಸಿದನು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲನು ರೋಗಿಗಳನ್ನು ಇಂತಹ ನಿದ್ರೆಗೊಳಪಡಿಸಿ ಶಸ್ತ್ರಚಿಕಿತ್ಸೆಯನ್ನು ಮಾಡಿದನು. ಈಥರು, ಕ್ಲೋರೋಫಾರಮ್ಮುಗಳು ಬಂದ ಬಳಿಕ ಆ ಪದ್ಧತಿ ಹಿಂದೆ ಸರಿಯಿತು.

ನಿರೀಕ್ಷೆ, ಏಕಾಗ್ರತೆ, ನಂಬಿದವರ ಮಾತು: ಇವು ದೇಹವನ್ನೇ ಬದಲಿಸಬಲ್ಲುವೆಂಬುದರಲ್ಲಿ ಸಂಮೋಹನಕ್ಕೂ ಆವೇಶಕ್ಕೂ ಸಾಮ್ಯವುಂಟು. ಭೇದವೂ ಅಷ್ಟೇ ಮುಖ್ಯವಾದುದು. ಹೂಗ್ಲಿಯ ರೋಗಿ ಮೌನವಾಗಿ ಮಲಗಿದ್ದನು. ಅವನಿಂದ ಬೇಕಾಗಿದ್ದುದು ನೋವಿನ ಮರೆವು ಮಾತ್ರ. ಸಿರಿ ಜಾತ್ರೆಯ ಹೆಂಗಸಿನಿಂದ ಬೇಕಾದುದು ನೋವಿನ ನುಡಿ. ಅಲ್ಲಿ ವೈದ್ಯನೊಬ್ಬನ ಇಚ್ಛೆ ನಡೆಯಿತು. ಇಲ್ಲಿ ಮನೆಯೂ ಊರೂ ಕೂಡಿ ಉತ್ತರವಾದಿಗಳಾಗುವರು.

ಆದುದರಿಂದ ಮೈಮೇಲೆ ಬಂದುದೆಲ್ಲವನ್ನೂ ದೈವವೆಂದು ನಂಬಿ, ಚಿಕಿತ್ಸೆ ಬೇಕಾದವರನ್ನು ವೈದ್ಯನಿಂದ ದೂರವಿಡುವುದು ಅಪಾಯಕರ. ಎಲ್ಲವನ್ನೂ ಕಪಟವೆಂದು ತಳ್ಳಿಹಾಕುವುದೂ ಆ ಹೆಂಗಸಿನ ಬಾಯಿಯನ್ನು ಎರಡನೆಯ ಬಾರಿ ಮುಚ್ಚಿದಂತೆ. ಘಟ್ಟದ ಮೇಲಾಗಲಿ ಕೆಳಗಾಗಲಿ, 'ಬಂದವರು ಯಾರು' ಎಂಬ ಪ್ರಶ್ನೆಯ ಬೆನ್ನಿಗೇ 'ಕೊರಗೇನು' ಎಂದು ಕೇಳುವ ಕುಮಾರನ ಕ್ರಮದಲ್ಲಿ, ಶಾಸ್ತ್ರಜ್ಞರೂ ಕಲಿಯತಕ್ಕ ವಿವೇಕವುಂಟು.