ದೀಪ ಹತ್ತುವ ಮೊದಲಿನ ಬೃಂದಾವನ

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ನೋಡದ ಮೈಸೂರಿಗರು ಇರಲಾರರು. ಆದರೆ ಅದನ್ನು ಹಗಲಿನಲ್ಲಿ, ಬಿಡುವಾಗಿ, ಮೇಲಿನಿಂದ ಕೆಳಗಿನವರೆಗೆ ನಡೆದು ನೋಡಿದವರು ಬಹಳ ಕಡಿಮೆ ಎಂದೇ ನನ್ನ ಅನಿಸಿಕೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸಾರ್, ಲೈಟ್ ಯಾವಾಗ ಹಾಕ್ತಾರೆ?" ಅವರ ತಂದೆತಾಯಿಗಳೂ ತಮ್ಮ ಕಾಲದಲ್ಲಿ ಇದನ್ನೇ ಕೇಳಿದ್ದಿರಬೇಕು. ಬಣ್ಣದ ದೀಪ ಮತ್ತು ಸಂಗೀತ ಕಾರಂಜಿ ಈ ತೋಟದ ಖ್ಯಾತಿಯನ್ನು ಎಷ್ಟು ಬೆಳೆಸಿದವೋ ಅದರ ನಿಜವಾದ ರೂಪವನ್ನು ಅಷ್ಟೇ ಮರೆಮಾಡಿದವು.

ಮೈಸೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಈ ಉದ್ಯಾನ ಆಡಳಿತದ ಲೆಕ್ಕದಲ್ಲಿ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿಗೆ ಸೇರಿದ್ದು. ಮೈಸೂರಿನವರ ಮನಸ್ಸಿನಲ್ಲಿ ಮಾತ್ರ ಅದು ಎಂದಿಗೂ ನಮ್ಮೂರ ತೋಟವೇ. 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿದ್ದರು. ಮದರಾಸು ಸರ್ಕಾರದೊಡನೆ ನೀರಿನ ತಕರಾರು ಬೆಳೆದು, 1924ರ ಒಪ್ಪಂದದಲ್ಲಿ ಅದು ಒಂದು ಹಂತಕ್ಕೆ ಬಂದಿತು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಿಂದ ಮೇಲೆದ್ದ ಆ ಗೋಡೆಯ ಕಥೆ ಎಲ್ಲರಿಗೂ ತಿಳಿದದ್ದೇ, ಇಲ್ಲಿ ವಿಸ್ತರಿಸುವುದಿಲ್ಲ.

ಯಾವುದೇ ದೊಡ್ಡ ಕಟ್ಟೆ ಕಟ್ಟಿದ ಮೇಲೆ ಅದರ ಕೆಳಗೆ ಅಗೆದ ಗುಂಡಿಗಳು, ಕಲ್ಲಿನ ರಾಶಿ, ಹಾಳುಬಿದ್ದ ಗುಡಿಸಲುಗಳು ಉಳಿಯುವುದು ಸಾಮಾನ್ಯ. ಅಂಥ ಕಡೆ ತೋಟ ಮಾಡಬೇಕೆಂಬ ಯೋಚನೆ ಬಂದದ್ದು 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ. 1927ರಲ್ಲಿ ಕೆಲಸ ಹಿಡಿದು 1932ರಲ್ಲಿ ಮುಗಿಸಿದರು. ಲಾಲ್‌ಬಾಗಿನ ಮೇಲ್ವಿಚಾರಣೆ ನೋಡುತ್ತಿದ್ದ ಜರ್ಮನಿಯ ಜಿ.ಎಚ್. ಕೃಂಬಿಗಲ್ ಅವರ ಪರಿಣತಿಯೂ ಇದಕ್ಕೆ ದೊರೆಯಿತು. ಮಾದರಿಯಾಗಿ ಆರಿಸಿಕೊಂಡದ್ದು ಕಾಶ್ಮೀರದ ಶಾಲಿಮಾರ್ ಬಾಗ್ ಅನ್ನು.

ಈ ಆಯ್ಕೆಯಲ್ಲಿ ಒಂದು ಸ್ವಾರಸ್ಯವಿದೆ. ಮಿರ್ಜಾ ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರದಿಂದ ನೆಲೆನಿಂತವರು. ನಡುವೆ ಕಾಲುವೆ ಹರಿಸಿ, ನೆಲವನ್ನು ಅಂಗಳ ಅಂಗಳವಾಗಿ ಬಿಡಿಸುವ ತೋಟದ ಕಲ್ಪನೆಯೂ ಪರ್ಷಿಯಾದ್ದೇ. ಅದನ್ನು ಮೊಗಲರು ಕಾಶ್ಮೀರಕ್ಕೆ ಒಯ್ದರು. ಜಹಾಂಗೀರನು 1619ರಲ್ಲಿ ದಾಲ್ ಸರೋವರದ ಬಳಿಯ ಬೆಟ್ಟದ ಬುಡದಲ್ಲಿ ಶಾಲಿಮಾರ್ ಮಾಡಿಸಿದನು. ಮುನ್ನೂರು ವರ್ಷಗಳ ಮೇಲೆ, ಶಿರಾಜಿನ ಮನೆತನದ ಮೊಮ್ಮಗನೊಬ್ಬ ಅದೇ ಕಲ್ಪನೆಯನ್ನು ಕಾವೇರಿಯ ದಡಕ್ಕೆ ತಂದ.

ಆದರೆ ಇದು ನಕಲಲ್ಲ. ಶಾಲಿಮಾರಿನ ಅಂಗಳಗಳು ಅಂತಸ್ತನ್ನು ಸೂಚಿಸುತ್ತಿದ್ದವು: ಕೆಳಗಿನದು ಜನರಿಗೆ, ನಡುವಿನದು ಬಾದಶಹನಿಗೆ, ಮೇಲಿನದು ರಾಣಿವಾಸಕ್ಕೆ. ಇಲ್ಲಿ ಹಾಗಿಲ್ಲ. ಚೀಟಿ ಕೊಂಡು ಒಳಹೊಕ್ಕ ರೈತನೂ ಮೂರು ಅಂಗಳಗಳಲ್ಲಿ ಇಷ್ಟ ಬಂದಲ್ಲಿ ಕೂತು ಬುತ್ತಿ ಬಿಚ್ಚಬಹುದು. (ಎತ್ತರದ ಜಾಗದಲ್ಲಿ ಹೋಟೆಲು ನಿಂತಿದೆ ನಿಜ, ಅಷ್ಟರಮಟ್ಟಿಗೆ ಮೇಲಿನವರ ದೊಡ್ಡಸ್ತಿಕೆ ಉಳಿದುಕೊಂಡಿದೆ!) ಶಾಲಿಮಾರಿನಲ್ಲಿ ಧುಮುಕುವ ನೀರಿನ ಹಿಂದೆ ಸಾಲುಸಾಲು ಗೂಡುಗಳಿವೆ, ಹಗಲು ಅಲ್ಲಿ ಹೂವನ್ನು, ಇರುಳು ದೀಪವನ್ನು ಇಡುತ್ತಿದ್ದರಂತೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ್ದ ಸಂಸ್ಥಾನಕ್ಕೆ ಎಣ್ಣೆಯ ಹಣತೆಯ ಬದಲು ವಿದ್ಯುದ್ದೀಪ ಹೊಳೆದದ್ದು ಸಹಜವೇ. ಆದುದರಿಂದ ದೀಪಾಲಂಕಾರವನ್ನು ನಾನು ಹಳಿಯುತ್ತಿಲ್ಲ. ಅದು ತೋಟದ ಒಂದು ಅಂಗ, ತೋಟವೇ ಅಲ್ಲ.

ಹಾಗಾದರೆ ತೋಟ ಎಂದರೆ ಯಾವುದು? ನನ್ನ ಮಟ್ಟಿಗೆ ಇಳಿಜಾರು. ಚಪ್ಪಟೆಯಾದ ನೆಲದಲ್ಲಿ ನೀರು ಸುಮ್ಮನೆ ನಿಲ್ಲುತ್ತದೆ. ಇಳಿಜಾರನ್ನು ಮೂರು ಮೆಟ್ಟಿಲಾಗಿ ಕಡಿದು, ನಟ್ಟ ನಡುವೆ ಕಾಲುವೆ ಬಿಟ್ಟರೆ ಅದೇ ನೀರು ಒಮ್ಮೆ ಹರಿಯುತ್ತದೆ, ಒಮ್ಮೆ ಧುಮುಕುತ್ತದೆ, ಒಮ್ಮೆ ಕೊಳದಲ್ಲಿ ವಿಶ್ರಮಿಸುತ್ತದೆ. ಎರಡೂ ಬದಿಯ ಕತ್ತರಿಸಿದ ಗಿಡಗಳು, ಬಳ್ಳಿ ಹಬ್ಬಿಸಿದ ಚಪ್ಪರಗಳು, ಮಂಟಪಗಳು ಎಲ್ಲವೂ ಆ ನೀರಿನ ರೇಖೆಗೆ ತಲೆಬಾಗಿ ನಿಂತಿವೆ. ಹಿಂದೆ 49 ಟಿಎಂಸಿ ನೀರನ್ನು ತಡೆದು ನಿಲ್ಲಿಸಿದ ಗೋಡೆ, ಮುಂದೆ ಬೊಗಸೆಯಷ್ಟು ನೀರಿನ ಲೀಲೆ. ಈ ಎರಡನ್ನೂ ಒಟ್ಟಿಗೆ ಕಾಣುವಂತೆ ಇಟ್ಟದ್ದೇ ಈ ವಾಸ್ತುವಿನ ವಿಶೇಷ. ಶಾಲಿಮಾರಿನ ಹಿಂದೆ ಬೆಟ್ಟವಿತ್ತು. ಇಲ್ಲಿ ಆ ಬೆಟ್ಟದ ಸ್ಥಾನದಲ್ಲಿ ಮನುಷ್ಯರೇ ಕಟ್ಟಿದ ಕಲ್ಲಿನ ಗೋಡೆಯಿದೆ.

ಇಂಥದೇ ಬುದ್ಧಿಯನ್ನು ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಆಂಟೋನಿ ಗೌಡಿ ಎಂಬ ವಾಸ್ತುಶಿಲ್ಪಿ ತೋರಿದ್ದಾನೆ. (ಹೆಸರು ಕೇಳಿ ನಮ್ಮ ಮಂಡ್ಯದ ಕಡೆಯವನೆಂದು ತಿಳಿಯಬೇಡಿ.) ಗುಡ್ಡದ ಓರೆಯಲ್ಲಿ ಅವನು 1900ರಲ್ಲಿ ಆರಂಭಿಸಿದ ಗ್ವೆಲ್ ಉದ್ಯಾನದಲ್ಲಿ ಒಂದು ವಿಶಾಲ ಬಯಲಿದೆ; ಅದನ್ನು ಹೊತ್ತಿರುವುದು 86 ಕಂಬಗಳು. ಬಯಲಿನ ಮೇಲೆ ಬಿದ್ದ ಮಳೆನೀರು ಕಂಬಗಳ ಒಳಗಿನಿಂದಲೇ ಇಳಿದು ನೆಲದಡಿಯ ತೊಟ್ಟಿಯನ್ನು ಸೇರುತ್ತದೆ. ಶ್ರೀಮಂತರ ಮನೆಗಳಿಗೆಂದು ಹೂಡಿದ ಆ ಯೋಜನೆ ಸೋತು, 1926ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಜನಜಂಗುಳಿ ಮಿತಿಮೀರಿದಾಗ ಆ ನಗರದವರು 2013ರಿಂದ ಮುಖ್ಯ ಭಾಗಕ್ಕೆ ಪ್ರವೇಶ ಶುಲ್ಕ ವಿಧಿಸಿ, ಒಳಬಿಡುವವರ ಸಂಖ್ಯೆಗೂ ಮಿತಿ ಹಾಕಿದರು.

ನಮ್ಮಲ್ಲಿ ಯೋಚನೆ ಓಡುತ್ತಿರುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. 2018ರಲ್ಲಿ ಇಲ್ಲಿ 125 ಅಡಿ ಎತ್ತರದ ಕಾವೇರಿ ಪ್ರತಿಮೆಯನ್ನು ನಿಲ್ಲಿಸುವ ಪ್ರಸ್ತಾಪ ಬಂದಿತು. 2024ರಲ್ಲಿ ರಾಜ್ಯ ಸಚಿವ ಸಂಪುಟವು 2,600 ಕೋಟಿ ರೂಪಾಯಿಗೂ ಮಿಗಿಲಾದ ವೆಚ್ಚದಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ, ಬೃಂದಾವನವನ್ನು ವಿಶ್ವದರ್ಜೆಗೆ ಏರಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಅಣೆಕಟ್ಟೆಯ ಸುರಕ್ಷತೆಯನ್ನು ಮುಂದಿಟ್ಟುಕೊಂಡು ಮಂಡ್ಯದ ರೈತರು ಮನರಂಜನಾ ಪಾರ್ಕನ್ನು ವಿರೋಧಿಸಿದ್ದಾರೆ. ಅವರ ಆತಂಕ ನ್ಯಾಯವಾದದ್ದು. ಕಟ್ಟೆಗೆ ಏನಾದರೂ ಆದರೆ ಮೊದಲು ಒಣಗುವುದು ಅವರ ಗದ್ದೆ. ತೋಟದ ಪರವಾಗಿ ಹೇಳುವವರು ಮಾತ್ರ ನನಗೆ ಹೆಚ್ಚು ಕಾಣಲಿಲ್ಲ. ಕಟ್ಟೆಯ ಬಳಿ ಈಗಿರುವ ಕಾವೇರಿಯ ಪ್ರತಿಮೆ ಸಾಧಾರಣ ಗಾತ್ರದ್ದು, ಕೈಮುಗಿದರೆ ಎದುರಿಗೆ ಸಿಗುವಂಥದ್ದು. 125 ಅಡಿಯ ಪ್ರತಿಮೆ ಬಂದು ನಿಂತರೆ ಕಣ್ಣು ಅಣೆಕಟ್ಟೆಯ ಕಡೆಗೂ ಹೋಗದು, ನೀರಿನ ಕಡೆಗೂ ಹೋಗದು. ತೇಲುವ ಬಂಡಿಗಳ ಗದ್ದಲದಲ್ಲಿ ಧುಮುಕುವ ನೀರಿನ ಸದ್ದು ಕೇಳಿಸುವುದೂ ಇಲ್ಲ. ದುರಸ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಬಿರುಕು ಬಿಟ್ಟ ಕಾಲುವೆಗೆ ಗಾರೆ ಬೇಕು, ಒಣಗಿದ ಬಳ್ಳಿಯ ಜಾಗಕ್ಕೆ ಬಳ್ಳಿ ಬೇಕು, ಶುಚಿಯಾದ ಶೌಚಾಲಯ ಬೇಕೇ ಬೇಕು. ಇದಕ್ಕೆ ಸಾವಿರಾರು ಕೋಟಿ ಬೇಕಾಗದು.

ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಊರು ಮುಳುಗಿತು. ಅಲ್ಲಿದ್ದ ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯ ಬರಗಾಲದಲ್ಲಿ ನೀರಿಳಿದಾಗ ಮಾತ್ರ ಮುಖ ತೋರಿಸುತ್ತಿತ್ತು; ಖೋಡೇ ಪ್ರತಿಷ್ಠಾನದವರು ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸಕನ್ನಂಬಾಡಿಯಲ್ಲಿ ಮರಳಿ ಕಟ್ಟಿಸಿದರು. ಕೊಳಲನೂದುವ ಗೋಪಾಲನ ಗುಡಿ ಕಟ್ಟೆಯ ಆಚೆ ನೀರಿನಡಿಯಲ್ಲಿದ್ದಾಗ, ಈಚೆಗಿನ ತೋಟ ಬೃಂದಾವನವೆಂಬ ಹೆಸರು ಹೊತ್ತು ನಿಂತಿತ್ತು. ಇತಿಹಾಸದ ಮೇಷ್ಟರಿಗೆ ಇಂಥದ್ದು ಕಣ್ಣಿಗೆ ಬೀಳದೆ ಹೋಗುವುದಿಲ್ಲ.

ಓದುಗ ಮಿತ್ರರು ಮುಂದಿನ ಸಲ ಹೋಗುವಾಗ ಮಧ್ಯಾಹ್ನ ಮೂರೂವರೆಯ ಹೊತ್ತಿಗೇ ಹೊರಡಿ, ಶನಿವಾರ ಭಾನುವಾರ ಬೇಡ. ಮೊದಲು ಎತ್ತರದ ಅಂಗಳಕ್ಕೆ ಹೋಗಿ, ಕಟ್ಟೆಯನ್ನು ಒಮ್ಮೆ ಪೂರ್ತಿಯಾಗಿ ನೋಡಿ, ಆಮೇಲೆ ಕಾಲುವೆಯ ಪಕ್ಕದಲ್ಲೇ ನೀರಿನ ಜೊತೆ ಇಳಿಯಿರಿ. ಮಂಡಿನೋವಿರುವವರು ನಡುವಿನ ಅಂಗಳದ ಚಪ್ಪರದಡಿ ಕುಳಿತರೂ ಸಾಕು, ಎರಡೂ ಕಡೆ ಕಾಣುತ್ತದೆ.